ಲ್ಯಾಪ್‌ಟಾಪಿನ ರೆಸಲ್ಯೂಶನ್ ಹೆಚ್ಚಾದರೆ ಕಣ್ಣಿಗೆ ಆಯಾಸವೇ?

ಪ್ರಶ್ನೆ: ನನಗೆ 44 ವರ್ಷ. ಧಾರವಾಡದಲ್ಲಿ ಮನೆಯಿಂದಲೇ ಲೆಕ್ಕಪತ್ರ ಮತ್ತು ಅನುವಾದದ ಕೆಲಸ ಮಾಡುತ್ತೇನೆ. ಎಂಟು ವರ್ಷ ಬಳಸಿದ 15.6 ಇಂಚಿನ ಲ್ಯಾಪ್‌ಟಾಪ್ ಕೆಟ್ಟುಹೋಯಿತು. ಅದರ ರೆಸಲ್ಯೂಶನ್, ಅಂದರೆ ಪರದೆಯ ಮೇಲಿನ ಚುಕ್ಕೆಗಳ (ಪಿಕ್ಸೆಲ್‌ಗಳ) ಸಂಖ್ಯೆ, 1366×768 ಇತ್ತು. ಎರಡು ತಿಂಗಳ ಹಿಂದೆ 14 ಇಂಚಿನ, 2880×1800 ರೆಸಲ್ಯೂಶನ್‌ನ ಒಎಲ್‌ಇಡಿ (ಪಿಕ್ಸೆಲ್‌ಗಳೇ ಬೆಳಗುವ) ಪರದೆಯ ಲ್ಯಾಪ್‌ಟಾಪ್ ಕೊಂಡೆ. ಅಕ್ಷರಗಳು ಅಚ್ಚು ಹಾಕಿದಂತೆ ಕಾಣುತ್ತವೆ. ಆದರೆ ಮಧ್ಯಾಹ್ನದ ಹೊತ್ತಿಗೆ ಹಣೆ ಹಿಂಡಿದಂತಾಗುತ್ತದೆ, ಕಣ್ಣು ಉರಿಯುತ್ತದೆ, ಸಂಜೆ ಹೊರಗೆ ಬಂದರೆ ಚಿಗರಿ ಬಸ್ಸಿನ ಬೋರ್ಡು ಸ್ವಲ್ಪ ಹೊತ್ತು ಮಸುಕಾಗಿರುತ್ತದೆ. ಪರದೆಯಲ್ಲಿ ಹೆಚ್ಚು ಜಾಗ ಸಿಗಲೆಂದು ಮಗ ಸ್ಕೇಲಿಂಗ್ ಅನ್ನು (ಅಕ್ಷರ, ಚಿತ್ರಗಳನ್ನು ಹಿಗ್ಗಿಸಿ ತೋರಿಸುವ ಪ್ರಮಾಣವನ್ನು) ಶೇ 150ಕ್ಕೆ ಇಟ್ಟುಕೊಟ್ಟಿದ್ದಾನೆ. ಅಂಗಡಿಯವರು ‘ರೆಸಲ್ಯೂಶನ್ ಜಾಸ್ತಿ ಆಯಿತು, 1920×1200ಕ್ಕೆ ಇಳಿಸಿ’ ಎನ್ನುತ್ತಾರೆ. ಕನ್ನಡಕದ ಅಂಗಡಿಯವರು ನೀಲಿ ಬೆಳಕನ್ನು ತಡೆಯುವ ಬ್ಲೂ-ಕಟ್ ಕನ್ನಡಕ ಹಾಕಿಕೊಳ್ಳಿ ಎನ್ನುತ್ತಾರೆ. ನನಗೆ ಈವರೆಗೆ ಕನ್ನಡಕವಿಲ್ಲ. ಈ ಲ್ಯಾಪ್‌ಟಾಪನ್ನು ಮಾರಿಬಿಡಬೇಕೇ?

ಉತ್ತರ: ರೆಸಲ್ಯೂಶನ್ ಇಳಿಸಬೇಡಿ, ಬ್ಲೂ-ಕಟ್ ಕನ್ನಡಕಕ್ಕೆ ದುಡ್ಡು ಕೊಡಬೇಡಿ, ಮಾರುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ತೊಂದರೆ ನಿಜವಾದದ್ದು, ಅದು ಹೊಸ ಲ್ಯಾಪ್‌ಟಾಪಿನ ಜೊತೆಗೇ ಬಂತೆಂಬುದೂ ನಿಜ. ಆದರೆ ಪರದೆಯ ಮೇಲೆ ಪಿಕ್ಸೆಲ್‌ಗಳು ಹೆಚ್ಚಾಗಿವೆ ಎಂಬ ಕಾರಣಕ್ಕೇ ಯಾರ ಕಣ್ಣೂ ದಣಿಯುವುದಿಲ್ಲ. ಪಿಕ್ಸೆಲ್ ಹೆಚ್ಚಾದಾಗ ಅದರ ಬೆನ್ನಿಗೆ ಅಕ್ಷರ ಚಿಕ್ಕದಾಗುತ್ತದೆ, ಅಕ್ಷರ ಚಿಕ್ಕದಾದಾಗ ಮನುಷ್ಯ ತನಗೆ ತಿಳಿಯದಂತೆಯೇ ಪರದೆಯತ್ತ ಬಾಗುತ್ತಾನೆ, 44ರ ವಯಸ್ಸಿನ ಕಣ್ಣಿಗೆ ಆ ಬಾಗುವಿಕೆ ದುಬಾರಿಯಾಗುತ್ತದೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು 2880×1800 ಎಂಬ ಸಂಖ್ಯೆಯ ಮೇಲಲ್ಲ, ಶೇ 150 ಎಂಬ ಸಂಖ್ಯೆಯ ಮೇಲೆ.

ಮೊದಲು ರೆಸಲ್ಯೂಶನ್ ಮೇಲಿನ ಆರೋಪವನ್ನು ಪರಿಶೀಲಿಸೋಣ. ನೇತ್ರ ಚಿಕಿತ್ಸಾಲಯದ ಗೋಡೆಯ ಮೇಲಿರುವ ಅಕ್ಷರಗಳ ಪಟ್ಟಿಯನ್ನು ನೆದರ್ಲೆಂಡ್ಸ್‌ನ ವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದರು. 6/6 ದೃಷ್ಟಿ ಎಂದು ಕಣ್ಣು ಪರೀಕ್ಷಿಸುವ ನಾವು ಬರೆದುಕೊಡುವುದರ ಅರ್ಥ, ಒಂದು ಡಿಗ್ರಿ ಕೋನದ ಅರವತ್ತನೇ ಒಂದು ಭಾಗದಷ್ಟು, ಅಂದರೆ ಕೋನಮಾನದ ಒಂದು ನಿಮಿಷದಷ್ಟು, ಸಣ್ಣ ಗೆರೆಯನ್ನು ಆ ಕಣ್ಣು ಬೇರ್ಪಡಿಸಿ ಗುರುತಿಸಬಲ್ಲದು ಎಂದು. ಅರ್ಧ ಮೀಟರ್ ದೂರದಲ್ಲಿ ಒಂದು ನಿಮಿಷದ ಕೋನವೆಂದರೆ ಸುಮಾರು 0.145 ಮಿಲಿಮೀಟರ್. ನಿಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ಇಂಚಿಗೆ ಸುಮಾರು 100 ಪಿಕ್ಸೆಲ್‌ಗಳಿದ್ದವು, ಒಂದೊಂದು ಪಿಕ್ಸೆಲ್ 0.25 ಮಿಲಿಮೀಟರ್ ಇತ್ತು. ಆರೋಗ್ಯವಂತ ಕಣ್ಣಿಗೆ ಅದರ ಮೆಟ್ಟಿಲು ಮೆಟ್ಟಿಲಾದ ಅಂಚು ಕಾಣುತ್ತಿತ್ತು. ಹೊಸದರಲ್ಲಿ ಇಂಚಿಗೆ ಸುಮಾರು 243 ಪಿಕ್ಸೆಲ್‌ಗಳಿವೆ, ಒಂದೊಂದೂ 0.105 ಮಿಲಿಮೀಟರ್, ಅದೇ ಅರ್ಧ ಮೀಟರಿನಿಂದ ಬಿಡಿ ಪಿಕ್ಸೆಲ್ ಕಣ್ಣಿಗೆ ಬೀಳುವುದೇ ಇಲ್ಲ. ಆ್ಯಪಲ್ ಕಂಪನಿ 2010ರಲ್ಲಿ ಫೋನಿಗೂ 2012ರಲ್ಲಿ ಲ್ಯಾಪ್‌ಟಾಪಿಗೂ ‘ರೆಟಿನಾ’ ಎಂಬ ಹೆಸರಿಟ್ಟು ಮಾರಿದ್ದು ಈ ಲೆಕ್ಕವನ್ನೇ. ಆ ಮೊದಲ ರೆಟಿನಾ ಲ್ಯಾಪ್‌ಟಾಪಿನಲ್ಲಿ ಇಂಚಿಗೆ 220 ಪಿಕ್ಸೆಲ್‌ಗಳಿದ್ದವು.

ಕನ್ನಡ ಓದುವವರಿಗಂತೂ ಇದು ಉಪಕಾರವೇ. ದ ಮತ್ತು ಧ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸೀಳು. ಧ ಮತ್ತು ಥ ನಡುವಿನ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಚುಕ್ಕೆ. ರ ಮತ್ತು ಠ ನಡುವೆಯೂ ಅಷ್ಟೇ. ಹಳೆಯ ಪರದೆಯಲ್ಲಿ ಸಾಮಾನ್ಯ ಗಾತ್ರದ ಕನ್ನಡ ಅಕ್ಷರದ ಮೈಗೆ ಸಿಗುತ್ತಿದ್ದ ಎತ್ತರ ಎಂಟೊಂಬತ್ತು ಪಿಕ್ಸೆಲ್. ಅಷ್ಟರಲ್ಲೇ ತಲೆಕಟ್ಟು, ಹೊಟ್ಟೆ, ಚುಕ್ಕೆ, ಸೀಳು ಎಲ್ಲವನ್ನೂ ಅಡಕಬೇಕಾಗುತ್ತಿತ್ತು, ಒತ್ತಕ್ಷರ ಬಂದರೆ ಅದರ ಪಾಡು ಇನ್ನೂ ಕಷ್ಟ. ‘ಷ್ಟ್ರ’ದಂಥ ಸಂಯುಕ್ತಾಕ್ಷರ ಅಲ್ಲಿ ಬೂದು ಬಣ್ಣದ ಒಂದು ಗಂಟಾಗಿಬಿಡುತ್ತಿತ್ತು, ಓದುವವರು ಅದನ್ನು ಕಣ್ಣಿನಿಂದ ಓದುತ್ತಿರಲಿಲ್ಲ, ಸಂದರ್ಭದಿಂದ ಊಹಿಸುತ್ತಿದ್ದರು. ಒಂದು ಪುಟಕ್ಕೆ ನೂರು ಸಲ ಹೀಗೆ ಊಹಿಸುವುದೂ ದಣಿವೇ. ಜರ್ಮನಿಯ ಮಾರ್ಟಿನಾ ಜೀಫ್ಲೆ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪರದೆಯ ರೆಸಲ್ಯೂಶನ್ ಕಡಿಮೆಯಾದಷ್ಟೂ ಹುಡುಕುವ ಕೆಲಸ ನಿಧಾನವಾಯಿತು, ಕಣ್ಣು ಒಂದೊಂದು ಕಡೆ ನೆಟ್ಟು ನಿಲ್ಲುವ ಹೊತ್ತು ಹೆಚ್ಚಿತು. ಅಂದಿನ ಪರದೆಗಳು ಇಂದಿನವುಗಳ ಮುಂದೆ ಒರಟು. ಆದರೂ ಫಲಿತಾಂಶ ಹೋಗುವ ದಿಕ್ಕು ಅಂಗಡಿಯವರ ಮಾತಿಗೆ ತದ್ವಿರುದ್ಧ.

ಹಾಗಾದರೆ ತಪ್ಪಿದ್ದು ಎಲ್ಲಿ? ಒಂದು ಅಳತೆಪಟ್ಟಿ ತೆಗೆದುಕೊಳ್ಳಿ, ಶಾಲೆಯ ಮಕ್ಕಳ ಕಂಪಾಸ್ ಪೆಟ್ಟಿಗೆಯದ್ದೇ ಸಾಕು. ಒತ್ತು ಮತ್ತು ಗುಣಿತಗಳನ್ನು ಬಿಟ್ಟು ಅಕ್ಷರದ ಮೈ ಮಾತ್ರ 8 ಪಿಕ್ಸೆಲ್ ಎತ್ತರ ಎಂದಿಟ್ಟುಕೊಳ್ಳೋಣ. ಹಳೆಯ ಲ್ಯಾಪ್‌ಟಾಪಿನಲ್ಲಿ, ಸ್ಕೇಲಿಂಗ್ ಶೇ 100 ಇದ್ದಾಗ, ಆ ಅಕ್ಷರ ಸುಮಾರು 2 ಮಿಲಿಮೀಟರ್ ಎತ್ತರ ಇರುತ್ತಿತ್ತು. ಹೊಸದರಲ್ಲಿ ಶೇ 150 ಎಂದರೆ ಅದೇ ಅಕ್ಷರಕ್ಕೆ 12 ಪಿಕ್ಸೆಲ್ ಸಿಗುತ್ತದೆ, ಪಿಕ್ಸೆಲ್ ಚಿಕ್ಕದಾದ್ದರಿಂದ ಎತ್ತರ ಬರುವುದು ಸುಮಾರು 1.26 ಮಿಲಿಮೀಟರ್ ಮಾತ್ರ. ಹೆಚ್ಚು ಪಿಕ್ಸೆಲ್‌ಗಳಿಂದ ಕಟ್ಟಿದ, ಹೆಚ್ಚು ಚೊಕ್ಕವಾದ, ಆದರೆ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ಕುಗ್ಗಿದ ಅಕ್ಷರ. ಚೊಕ್ಕವಾಗಿರುವುದರಿಂದಲೇ ಅದು ಕುಗ್ಗಿರುವುದು ನಮ್ಮ ಗಮನಕ್ಕೆ ಬರುವುದಿಲ್ಲ. ಹಳೆಯ ಪರದೆಯಲ್ಲಿ ಇಷ್ಟು ಚಿಕ್ಕ ಅಕ್ಷರ ಓದಲಿಕ್ಕೇ ಬರುತ್ತಿರಲಿಲ್ಲ, ಹಾಗಾಗಿ ಹಿಗ್ಗಿಸಿಕೊಳ್ಳುತ್ತಿದ್ದಿರಿ. ಹೊಸದರಲ್ಲಿ ಓದಲಿಕ್ಕೆ ಬರುತ್ತದೆ, ಹಾಗಾಗಿ ಸಹಿಸಿಕೊಳ್ಳುತ್ತಿದ್ದೀರಿ. ಹೆಚ್ಚಿನ ರೆಸಲ್ಯೂಶನ್‌ನಿಂದ ಕಣ್ಣಿಗೆ ಹಾನಿಯೇನಾದರೂ ಇದ್ದರೆ, ಅದು ಈ ಹಾದಿಯಿಂದ ಬರುವುದು.

ಲ್ಯಾಪ್‌ಟಾಪ್ ಅಂಗಡಿಯಿಂದ ಬರುವಾಗ ಸಾಮಾನ್ಯವಾಗಿ ಇಂಥ ಪರದೆಗೆ ಶೇ 200 ಎಂಬ ಸ್ಕೇಲಿಂಗ್ ಇರುತ್ತದೆ, ಅದರ ಪಕ್ಕದಲ್ಲಿ ‘ಶಿಫಾರಸು ಮಾಡಲಾಗಿದೆ’ ಎಂದೂ ಬರೆದಿರುತ್ತದೆ. ಆ ಶಿಫಾರಸಿನಲ್ಲೂ ಅಕ್ಷರದ ಎತ್ತರ 1.67 ಮಿಲಿಮೀಟರ್, ನಿಮ್ಮ ಎಂಟು ವರ್ಷದ ರೂಢಿಗಿಂತ ಆರನೇ ಒಂದು ಭಾಗ ಚಿಕ್ಕದು. ಹಳೆಯ ಗಾತ್ರ ಮರಳಿ ಬರಬೇಕಾದರೆ ಶೇ 242ರಷ್ಟು ಬೇಕು. ವಿಂಡೋಸ್‌ನಲ್ಲಿ ಅದಕ್ಕೆ ಹತ್ತಿರದ ಆಯ್ಕೆಗಳು ಶೇ 225 ಮತ್ತು ಶೇ 250.

ಈಗ ಕಣ್ಣಿನ ಕಡೆಯ ಲೆಕ್ಕ. ಹಳೆಯ ಲ್ಯಾಪ್‌ಟಾಪನ್ನು ನೀವು 60 ಸೆಂಟಿಮೀಟರ್ ದೂರದಲ್ಲಿಟ್ಟು ನೋಡುತ್ತಿದ್ದಿರಿ ಎಂದುಕೊಳ್ಳಿ. ಅದೇ ಅಕ್ಷರ ಅಷ್ಟೇ ದೊಡ್ಡದಾಗಿ ಕಾಣಬೇಕಾದರೆ ಶೇ 200ರಲ್ಲಿ 50 ಸೆಂಟಿಮೀಟರಿಗೆ ಬರಬೇಕು, ಶೇ 150ರಲ್ಲಿ 37 ಸೆಂಟಿಮೀಟರಿಗೆ. ಕಣ್ಣಿನ ಒಳಗಿನ ಮಸೂರ ಹತ್ತಿರದ ವಸ್ತುವಿಗೆ ಹೊಂದಿಕೊಳ್ಳಲು ಪಡುವ ಶ್ರಮವನ್ನು ನಾವು ಡಯಾಪ್ಟರ್‌ಗಳಲ್ಲಿ ಅಳೆಯುತ್ತೇವೆ, ಮೀಟರಿನಲ್ಲಿರುವ ದೂರದಿಂದ ಒಂದನ್ನು ಭಾಗಿಸಿದರೆ ಅದು ಸಿಗುತ್ತದೆ. 60 ಸೆಂಟಿಮೀಟರಿಗೆ ಬೇಕಾದದ್ದು 1.67 ಡಯಾಪ್ಟರ್, 37 ಸೆಂಟಿಮೀಟರಿಗೆ 2.7. ಇಪ್ಪತ್ತರ ತರುಣನಿಗೆ ಇದು ಏನೂ ಅಲ್ಲ, ಅವನ ಬಳಿ ಹನ್ನೆರಡು ಡಯಾಪ್ಟರಿನಷ್ಟು ಬಂಡವಾಳ ಇರುತ್ತದೆ; ನಿಮ್ಮ ಮಗನಿಗೆ ಶೇ 150 ಹಿತವಾಗಿ ಕಂಡದ್ದು ಅದಕ್ಕೇ. ನಲವತ್ತನಾಲ್ಕರಲ್ಲಿ ಉಳಿದಿರುವುದು ನಾಲ್ಕರಿಂದ ಐದು. ಇರುವ ಶಕ್ತಿಯಲ್ಲಿ ಅರ್ಧದಷ್ಟನ್ನು ಮಾತ್ರ ಬಳಸುವ ತನಕ ಕಣ್ಣು ದಿನವಿಡೀ ಗೊಣಗದೆ ದುಡಿಯುತ್ತದೆ, ಅರ್ಧ ದಾಟಿದ ಮೇಲೆ ತಕರಾರು ಶುರು ಎಂಬುದು ನಮ್ಮ ವೃತ್ತಿಯ ಹಳೆಯ ಲೆಕ್ಕಾಚಾರ. 1.67 ಅರ್ಧದ ಒಳಗಿದೆ, 2.7 ಹೊರಗಿದೆ. ನಿಮ್ಮ ಹಳೆಯ ಲ್ಯಾಪ್‌ಟಾಪ್ ಮತ್ತು ಹೊಸದರ ನಡುವೆ ದಾಟಿದ ಗೆರೆ ಇದು.

ಹತ್ತಿರಕ್ಕೆ ಬಂದಷ್ಟೂ ಎರಡು ಕಣ್ಣುಗಳೂ ಮೂಗಿನ ಕಡೆಗೆ ಹೆಚ್ಚು ತಿರುಗಬೇಕು, ಆ ಸ್ನಾಯುಗಳ ಕೆಲಸವೂ ಇದರ ಜೊತೆಗೆ ಕೂಡುತ್ತದೆ. ಹಣೆ ಹಿಂಡಿದಂತಾಗುವುದು ಇಂಥ ಶ್ರಮದ ಸಾಮಾನ್ಯ ಲಕ್ಷಣ. ಸಂಜೆ ಬಸ್ಸಿನ ಬೋರ್ಡು ಮಸುಕಾಗುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ: ಏಳೆಂಟು ಗಂಟೆ ಬಿಗಿದುಕೊಂಡಿದ್ದ ಸ್ನಾಯು ಕೂಡಲೇ ಸಡಿಲವಾಗದೆ, ಮಸೂರ ಇನ್ನೂ ಹತ್ತಿರದ ನೋಟದಲ್ಲೇ ಸ್ವಲ್ಪ ಹೊತ್ತು ಉಳಿದುಬಿಡುತ್ತದೆ. ಕೆಲವು ನಿಮಿಷಗಳಲ್ಲಿ ತಾನಾಗಿ ತಿಳಿಯಾಗುತ್ತಿದ್ದರೆ ಹೆದರಬೇಕಿಲ್ಲ.

ಇದನ್ನು ಪರರ ಕಷ್ಟವೆಂದು ದೂರದಿಂದ ಹೇಳುತ್ತಿಲ್ಲ. ನಲವತ್ತೈದರ ಸುಮಾರಿಗೆ ನನ್ನ ಕೋಣೆಗೆ ಹೊಸ ಮಾನಿಟರ್ ಬಂದಾಗ ಅದು ಸರಿಯಿಲ್ಲವೆಂದು ಒಂದೂವರೆ ತಿಂಗಳು ಅದರ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಕೊನೆಗೆ ಕಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನೇ ರೋಗಿಯ ಕುರ್ಚಿಯಲ್ಲಿ ಕೂರಿಸಿ ಪರೀಕ್ಷಿಸಿದರು, ಸಿಕ್ಕಿದ್ದು +1.25ರ ಚಾಳೀಸು.

ಅಳತೆ ಮತ್ತು ಲೆಕ್ಕ ಬೇಸರವೆನಿಸಿದರೆ ಇನ್ನೂ ಸರಳವಾದ ಪರೀಕ್ಷೆ ಇದೆ. ನೀವು ದಿನವೂ ಬಳಸುವ ಅದೇ ಕಡತವನ್ನು, ಅದೇ ಗಾತ್ರದಲ್ಲಿ ತೆರೆದಿಟ್ಟು, ಕೂತಲ್ಲಿಂದ ಎದ್ದು ಹಿಂದೆ ಸರಿಯಿರಿ. ಕೆಲಸ ಮಾಡುವ ದೂರದ ಎರಡು ಪಟ್ಟು ದೂರ ಹೋದರೂ ಸಾಲುಗಳು ಓದಲಿಕ್ಕೆ ಬರಬೇಕು, ಮೂರು ಪಟ್ಟಿನ ಹತ್ತಿರ ಹೋಗುವ ತನಕ ಬಂದರೆ ಇನ್ನೂ ಒಳ್ಳೆಯದು. ಒಂದು ಹೆಜ್ಜೆ ಹಿಂದಿಡುತ್ತಲೇ ಅಕ್ಷರ ಕಲಸಿಹೋದರೆ, ದಿನವಿಡೀ ನೀವು ದೃಷ್ಟಿಯ ಅಂಚಿನಲ್ಲೇ ಓದುತ್ತಿದ್ದೀರಿ ಎಂದರ್ಥ. ಶೇ 150ರಲ್ಲಿ 6/6 ದೃಷ್ಟಿಯವರಿಗೆ ಅಕ್ಷರ ಕಲಸುವ ದೂರ ಸುಮಾರು 87 ಸೆಂಟಿಮೀಟರ್.

ಆದ್ದರಿಂದ ಮೊದಲ ಚಿಕಿತ್ಸೆ ಸೆಟ್ಟಿಂಗ್ಸ್‌ನಲ್ಲಿದೆ. ಡಿಸ್‌ಪ್ಲೇ ವಿಭಾಗಕ್ಕೆ ಹೋಗಿ ಸ್ಕೇಲಿಂಗ್ ಅನ್ನು ಶೇ 225ಕ್ಕೆ ಏರಿಸಿ. ಎರಡು ದಿನ ನೋಡಿ ಸಾಲದೆನಿಸಿದರೆ ಶೇ 250. ರೆಸಲ್ಯೂಶನ್ 2880×1800 ಆಗಿಯೇ ಇರಲಿ. ಅಂಗಡಿಯವರು ಹೇಳಿದಂತೆ ಅದನ್ನು 1920×1200ಕ್ಕೆ ಇಳಿಸಿದರೆ ಅಕ್ಷರ ದೊಡ್ಡದಾಗುವುದೇನೋ ನಿಜ, ಅವರ ಗಿರಾಕಿಗಳಿಗೆ ಅದರಿಂದ ನೆಮ್ಮದಿ ಸಿಕ್ಕಿರುವುದೂ ನಿಜವಿರಬಹುದು. ಆದರೆ ಪರದೆಯ ಪಿಕ್ಸೆಲ್‌ಗಳು ಗಾಜಿನೊಳಗೆ ಕೂತಿರುವ ವಸ್ತುಗಳು, ಅವುಗಳ ಸಂಖ್ಯೆ ಇಳಿಯುವುದಿಲ್ಲ. ಚಿತ್ರದ ಒಂದು ಪಿಕ್ಸೆಲನ್ನು ಪರದೆಯ ಒಂದೂವರೆ ಪಿಕ್ಸೆಲಿಗೆ ಹಂಚಬೇಕಾಗುತ್ತದೆ, ಅರ್ಧ ಪಿಕ್ಸೆಲ್ ಎಂಬುದು ಇಲ್ಲವಾದ್ದರಿಂದ ಯಂತ್ರ ಅಂಚಿನಲ್ಲಿ ಬೂದುಬಣ್ಣ ತುಂಬಿ ಸರಿದೂಗಿಸುತ್ತದೆ. ಅಲ್ಲಿಗೆ ಧ ಅಕ್ಷರದ ಸೀಳು ಮತ್ತೆ ಮುಚ್ಚಿಕೊಳ್ಳುತ್ತದೆ. ಚೊಕ್ಕ ಪರದೆಗೆ ಹಣ ತೆತ್ತು ಅದರ ಮೇಲೆ ತೆಳು ಬಟ್ಟೆ ಹೊದಿಸಿದ ಹಾಗೆ.

ಸ್ಕೇಲಿಂಗ್ ಏರಿಸಿದಾಗ ಒಂದು ಕಿರಿಕಿರಿ ಎದುರಾಗಬಹುದು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಕಾಲದ ಕೆಲವು ತಂತ್ರಾಂಶಗಳಿಗೆ, ಮುಖ್ಯವಾಗಿ ಹಳೆಯ ಲೆಕ್ಕಪತ್ರದ ಮತ್ತು ಕನ್ನಡ ಟೈಪಿಂಗಿನ ತಂತ್ರಾಂಶಗಳಿಗೆ, ಇಂಥ ಪರದೆಗಳ ಅರಿವೇ ಇರುವುದಿಲ್ಲ. ವಿಂಡೋಸ್ ಅವುಗಳ ಕಿಟಕಿಯನ್ನು ಫೋಟೊ ಹಿಗ್ಗಿಸಿದಂತೆ ಹಿಗ್ಗಿಸುತ್ತದೆ, ಆ ಒಂದು ಕಿಟಕಿ ಮಾತ್ರ ಮಂಜಾಗಿ ಕಾಣುತ್ತದೆ. ಉಳಿದೆಲ್ಲವೂ ಸ್ಪಷ್ಟವಿದ್ದು ಇದೊಂದು ಮಂಜಾಗಿದ್ದರೆ ಕಣ್ಣನ್ನು ದೂರಬೇಡಿ. ಆ ತಂತ್ರಾಂಶದ ಐಕಾನ್ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿ ಭಾಗದಲ್ಲಿ ಹೈ ಡಿಪಿಐ ಆಯ್ಕೆಯನ್ನು ಬದಲಿಸಿದರೆ ಹಲವು ಬಾರಿ ಸರಿಹೋಗುತ್ತದೆ. ಸರಿಹೋಗದಿದ್ದರೆ ಹೊಸ ಆವೃತ್ತಿಗೆ ಹೋಗುವುದೇ ದಾರಿ. ಎಕ್ಸೆಲ್‌ನಂಥ ಕೋಷ್ಟಕಗಳಲ್ಲಿ ಇಡೀ ಹಾಳೆ ಒಂದೇ ನೋಟಕ್ಕೆ ಸಿಗಲೆಂದು ಜೂಮ್ ಇಳಿಸುವ ಚಟ ಲೆಕ್ಕಪತ್ರದವರಿಗೆ ಇರುತ್ತದೆ. ಸ್ಕೇಲಿಂಗ್‌ನಲ್ಲಿ ಗಳಿಸಿದ್ದನ್ನು ಅಲ್ಲಿ ಕಳೆದುಕೊಳ್ಳಬೇಡಿ.

ನಿಮ್ಮ ಪತ್ರದಲ್ಲಿ ನಾನು ಗುರುತು ಹಾಕಿಕೊಂಡ ಇನ್ನೊಂದು ಪದ ‘ಒಎಲ್‌ಇಡಿ’. ಹೆಚ್ಚು ರೆಸಲ್ಯೂಶನ್‌ನ ಪರದೆಗಳು ಹಲವು ಬಾರಿ ಒಎಲ್‌ಇಡಿ ಆಗಿರುವುದರಿಂದ ಒಂದರ ದೋಷ ಇನ್ನೊಂದರ ತಲೆಗೆ ಬರುವುದುಂಟು. ಈ ಪರದೆಗಳಲ್ಲಿ ಬೆಳಕನ್ನು ತಗ್ಗಿಸುವ ಒಂದು ಸಾಮಾನ್ಯ ವಿಧಾನವೆಂದರೆ, ಬೆಳಕನ್ನು ನಿಜವಾಗಿ ಕುಗ್ಗಿಸದೆ, ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸಿ, ಆರಿರುವ ಹೊತ್ತನ್ನು ಹೆಚ್ಚಿಸುವುದು. ಪಿಡಬ್ಲ್ಯೂಎಂ ಎಂದು ಇದಕ್ಕೆ ಹೆಸರು. ಹಲವು ಪರದೆಗಳಲ್ಲಿ ಈ ಮಿಣುಕು ಸೆಕೆಂಡಿಗೆ 240 ಸಲ. ಅದು ಮಿಣುಕೆಂದು ಕಣ್ಣಿಗೆ ತಿಳಿಯುವುದಿಲ್ಲ. ಆದರೆ ಕಾಣದ ಮಿಣುಕಿನಿಂದ ತೊಂದರೆಯೇ ಇಲ್ಲ ಎನ್ನುವಂತಿಲ್ಲ. ಬ್ರಿಟನ್ನಿನಲ್ಲಿ ಅರ್ನಾಲ್ಡ್ ವಿಲ್ಕಿನ್ಸ್ ಮತ್ತು ಸಂಗಡಿಗರು 1989ರಲ್ಲಿ ಒಂದು ಕಚೇರಿಯ ಟ್ಯೂಬ್‌ಲೈಟುಗಳ ಮೇಲೆ ಅಧ್ಯಯನ ಮಾಡಿದರು. ಹಳೆಯ ಚೋಕ್‌ನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತದೆ, ನಮ್ಮ ದೇಶದ ವಿದ್ಯುತ್ತೂ 50 ಹರ್ಟ್ಸ್‌ನದ್ದಾದ್ದರಿಂದ ಇಲ್ಲಿಯೂ ಹಾಗೆಯೇ. ಅವುಗಳ ಬದಲು ಸೆಕೆಂಡಿಗೆ ಸುಮಾರು 32 ಸಾವಿರ ಸಲ ಮಿಣುಕುವ ಚೋಕ್ ಹಾಕಿದಾಗ ಕೆಲಸಗಾರರ ತಲೆನೋವು ಮತ್ತು ಕಣ್ಣಿನ ಆಯಾಸದ ದೂರುಗಳು ಅರ್ಧಕ್ಕಿಂತ ಕೆಳಗಿಳಿದವು. ಎಲ್‌ಇಡಿ ದೀಪಗಳ ಮಿಣುಕಿನ ಬಗ್ಗೆ ಎಂಜಿನಿಯರುಗಳ ಐಇಇಇ ಸಂಸ್ಥೆ 2015ರಲ್ಲಿ ಕೊಟ್ಟ ಶಿಫಾರಸಿನ ಪ್ರಕಾರ, 240 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 240 ಸಲ ಮಿಣುಕುವಾಗ, ಬೆಳಕಿನ ಏರಿಳಿತ ಶೇ 19ರ ಒಳಗಿದ್ದರೆ ಅಪಾಯ ಕಡಿಮೆ. ಆ ಶಿಫಾರಸು ಪರದೆಗಳಿಗಾಗಿ ಬರೆದದ್ದಲ್ಲ, ಆದರೂ ಹೋಲಿಕೆಗೆ ಉಪಯುಕ್ತ. ಪೂರ್ತಿ ಆರಿ ಹೊತ್ತುವ ಪರದೆಯಲ್ಲಿ ಏರಿಳಿತ ಶೇ 100ರ ಹತ್ತಿರ ಇರುತ್ತದೆ.

ಎಲ್ಲರಿಗೂ ಇದು ತಾಗುವುದಿಲ್ಲ. ನನ್ನ ಅನುಭವದಲ್ಲಿ ಬಹುಪಾಲು ಜನ ಇಂಥ ಪರದೆಯ ಮುಂದೆ ವರ್ಷಗಟ್ಟಲೆ ಕೂತು ಏನೂ ಆಗದೆ ಇರುತ್ತಾರೆ, ಮೈಗ್ರೇನ್ ಇರುವ ಕೆಲವರಿಗೆ ಮಾತ್ರ ಅರ್ಧ ಗಂಟೆಯಲ್ಲೇ ತಲೆ ಸಿಡಿಯಲು ಶುರುವಾಗುತ್ತದೆ. ನಿಮ್ಮ ಪರದೆಯ ಮಿಣುಕನ್ನು ಮನೆಯಲ್ಲೇ ನೋಡಬಹುದು. ಪರದೆಯ ಮೇಲೆ ಖಾಲಿ ಬಿಳಿ ಪುಟ ತೆರೆದು, ಬ್ರೈಟ್‌ನೆಸ್ ಅನ್ನು ಶೇ 30ಕ್ಕೆ ಇಳಿಸಿ, ಫೋನಿನ ಕ್ಯಾಮೆರಾವನ್ನು ಪ್ರೋ ಮೋಡ್‌ಗೆ ಹಾಕಿ, ಶಟರ್ ವೇಗವನ್ನು ಸೆಕೆಂಡಿನ ಸಾವಿರದ ಒಂದು ಭಾಗ ಅಥವಾ ಅದಕ್ಕಿಂತ ಚುರುಕಾಗಿ ಇಟ್ಟು ನೋಡಿ. ಜಮಖಾನೆಯ ಪಟ್ಟೆಗಳಂತೆ ಅಗಲವಾದ ಕಪ್ಪು ಪಟ್ಟಿಗಳು ಸಾಲಾಗಿ ಕಂಡರೆ ಅದು ಪಿಡಬ್ಲ್ಯೂಎಂ. ಬ್ರೈಟ್‌ನೆಸ್ ಪೂರ್ತಿ ಏರಿಸಿದಾಗಲೂ ಒಂದು ತೆಳುವಾದ ಗೆರೆ ಉಳಿದರೆ ಅದು ಪರದೆ ಹೊಸ ಚಿತ್ರ ಬರೆಯುವಾಗಿನ ಗೆರೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಪಟ್ಟಿಗಳು ಯಾವ ಬ್ರೈಟ್‌ನೆಸ್‌ನಲ್ಲಿ ಮಾಯವಾಗುತ್ತವೆಯೋ ಅದಕ್ಕಿಂತ ಮೇಲೆ ಇಟ್ಟು ಒಂದು ವಾರ ಕೆಲಸ ಮಾಡಿ, ಕೋಣೆಯ ಬೆಳಕನ್ನೂ ಅದಕ್ಕೆ ತಕ್ಕಂತೆ ಹೆಚ್ಚಿಸಿಕೊಳ್ಳಿ. ಕೆಲವು ತಯಾರಕರು ಮಿಣುಕಿಲ್ಲದೆ ಬೆಳಕು ತಗ್ಗಿಸುವ ಆಯ್ಕೆಯನ್ನು ತಮ್ಮದೇ ತಂತ್ರಾಂಶದಲ್ಲಿ ಕೊಟ್ಟಿರುತ್ತಾರೆ. ಇದ್ದರೆ ಅದನ್ನೂ ಹಾಕಿ.

ರಾತ್ರಿ ದೀಪ ಆರಿಸಿ, ಬ್ರೈಟ್‌ನೆಸ್ ತಳಕ್ಕಿಳಿಸಿ, ಡಾರ್ಕ್ ಮೋಡ್ ಹಾಕಿ ಕೆಲಸ ಮಾಡುವುದು ಕಣ್ಣಿಗೆ ತಂಪು ಎಂದು ಹಲವರು ನಂಬಿದ್ದಾರೆ. ಒಎಲ್‌ಇಡಿಯಲ್ಲಿ ಮಿಣುಕು ಅತಿ ಗಾಢವಾಗುವುದು ಆಗಲೇ. ಅದಲ್ಲದೆ ಕತ್ತಲಲ್ಲಿ ಕಣ್ಣಿನ ಪಾಪೆ ಹಿಗ್ಗುತ್ತದೆ, ಸ್ವಲ್ಪ ಸಿಲಿಂಡರ್ ನಂಬರ್ (ಕಣ್ಣಿನ ಬಾಗು ಎಲ್ಲ ದಿಕ್ಕಿನಲ್ಲೂ ಒಂದೇ ಸಮನಿಲ್ಲದ ದೋಷ) ಇರುವವರಿಗೂ ಕಪ್ಪಿನ ಮೇಲಿನ ಬಿಳಿ ಅಕ್ಷರಗಳ ಅಂಚು ಹರಡಿಕೊಂಡು ಕಾಣುತ್ತದೆ. ಹಗಲಿನ ಕೆಲಸಕ್ಕೆ ಬಿಳಿಯ ಮೇಲೆ ಕಪ್ಪೇ ಇರಲಿ. ಬೆಳಕು ಎಷ್ಟಿರಬೇಕೆಂದು ತಿಳಿಯಲು ಒಂದು ಬಿಳಿ ಹಾಳೆಯನ್ನು ಪರದೆಯ ಪಕ್ಕ ಹಿಡಿಯಿರಿ: ಪರದೆ ದೀಪದಂತೆ ಉರಿಯಲೂಬಾರದು, ಹಾಳೆಯ ಮುಂದೆ ಮಂಕಾಗಿಯೂ ಇರಬಾರದು. ನಿಮ್ಮ ಹಳೆಯ ಪರದೆ ಮ್ಯಾಟ್ ಇದ್ದು ಹೊಸದು ಕನ್ನಡಿಯಂತೆ ಹೊಳೆಯುವಂಥದ್ದಾಗಿದ್ದರೆ, ಬೆನ್ನ ಹಿಂದಿನ ಕಿಟಕಿ ಮತ್ತು ತಲೆಯ ಮೇಲಿನ ಟ್ಯೂಬ್‌ಲೈಟು ಅಕ್ಷರಗಳ ನಡುವೆ ಬಂದು ಕೂರುತ್ತವೆ. ಲ್ಯಾಪ್‌ಟಾಪ್ ಆಫ್ ಮಾಡಿ ಖಾಲಿ ಕಪ್ಪು ಪರದೆಯನ್ನು ಒಮ್ಮೆ ನೋಡಿದರೆ ಅಲ್ಲಿ ಏನೇನು ಕಾಣುತ್ತದೆಯೋ ಅದೆಲ್ಲವನ್ನೂ ನೀವು ದಿನವಿಡೀ ಅಕ್ಷರಗಳ ಜೊತೆ ನೋಡುತ್ತಿದ್ದೀರಿ ಎಂದು ತಿಳಿಯಿರಿ. ಕಿಟಕಿ ಪಕ್ಕಕ್ಕೆ ಬರುವಂತೆ ಮೇಜು ತಿರುಗಿಸಿದರೆ ಸಾಕಾಗುತ್ತದೆ.

ಉರಿಯ ಮಾತು ಬೇರೆ. ಹಣೆಯ ನೋವು ಮಸೂರದ ಶ್ರಮದಿಂದ ಬಂದರೆ, ಉರಿ ಹೆಚ್ಚಾಗಿ ಕಣ್ಣಿನ ಮೇಲ್ಮೈ ಒಣಗುವುದರಿಂದ ಬರುತ್ತದೆ, ಅದಕ್ಕೂ ರೆಸಲ್ಯೂಶನ್‌ಗೂ ನೇರ ಸಂಬಂಧವಿಲ್ಲ. ಜಪಾನಿನ ಸುಬೋಟ ಮತ್ತು ನಕಮೋರಿ 1993ರಲ್ಲಿ ಕಚೇರಿ ಕೆಲಸಗಾರರ ರೆಪ್ಪೆ ಬಡಿತವನ್ನು ಎಣಿಸಿದರು. ಸುಮ್ಮನೆ ಕೂತಾಗ ನಿಮಿಷಕ್ಕೆ ಸರಾಸರಿ 22 ಸಲ, ಪುಸ್ತಕ ಓದುವಾಗ 10, ಕಂಪ್ಯೂಟರ್ ಪರದೆ ನೋಡುವಾಗ 7. ಪುಸ್ತಕಕ್ಕೆ ತಲೆ ಬಾಗಿಸಿದಾಗ ಮೇಲ್ರೆಪ್ಪೆ ಇಳಿದು ಕಣ್ಣಿನ ಸಾಕಷ್ಟು ಭಾಗ ಮುಚ್ಚಿರುತ್ತದೆ. ಎದುರಿಗಿರುವ ಪರದೆಯನ್ನು ನೋಡುವಾಗ ಕಣ್ಣು ಅಗಲವಾಗಿ ತೆರೆದಿರುತ್ತದೆ, ಕಣ್ಣೀರಿನ ಪದರ ಬೇಗ ಆರುತ್ತದೆ. ಈ ಒಂದು ವಿಷಯದಲ್ಲಿ ಮೇಜಿನ ಮೇಲೆ ತಗ್ಗಾಗಿ ಕೂರುವ ಲ್ಯಾಪ್‌ಟಾಪು ಕಣ್ಣಿಗೆ ಒಳ್ಳೆಯದೇ, ಕೆಟ್ಟದ್ದು ಕತ್ತಿಗೆ. ಕತ್ತಿನ ಸಲುವಾಗಿ ಅದನ್ನು ಸ್ಟ್ಯಾಂಡ್ ಮೇಲೆ ಏರಿಸುವುದಾದರೆ ಪರದೆಯ ಮೇಲಂಚು ಕಣ್ಣಿನ ಮಟ್ಟವನ್ನು ದಾಟದಂತೆ ನೋಡಿಕೊಳ್ಳಿ. ತಲೆಯ ಮೇಲೆ ತಿರುಗುವ ಫ್ಯಾನಿನ ಗಾಳಿ ಮುಖಕ್ಕೆ ಬಡಿಯುತ್ತಿದ್ದರೆ ಕುರ್ಚಿ ಸರಿಸಿ. ರೆಪ್ಪೆಯನ್ನು ಪೂರ್ತಿ ಮುಚ್ಚಿ ತೆರೆಯುವುದನ್ನು ರೂಢಿಸಿಕೊಳ್ಳಿ. ಪರದೆಯ ಮುಂದೆ ನಾವು ಮಾಡುವುದು ಹೆಚ್ಚಾಗಿ ಅರೆಮನಸ್ಸಿನ ಅರ್ಧ ಬಡಿತ. ಅಷ್ಟರಲ್ಲೂ ಉರಿ ಉಳಿದರೆ ಸಂರಕ್ಷಕ ರಾಸಾಯನಿಕವಿಲ್ಲದ ಕೃತಕ ಕಣ್ಣೀರಿನ ಹನಿಗಳನ್ನು ದಿನಕ್ಕೆ ಮೂರು ನಾಲ್ಕು ಸಲ ಹಾಕಬಹುದು. ಔಷಧಿ ಅಂಗಡಿಯಲ್ಲಿ ‘ಕಣ್ಣು ಕೆಂಪಿಗೆ’ ಎಂದು ಕೇಳಿ ತರುವ ಹನಿಗಳು ಬೇಡ. ಅವುಗಳಲ್ಲಿ ಸ್ಟೀರಾಯ್ಡ್ ಇದ್ದರೆ ತಿಂಗಳುಗಟ್ಟಲೆ ಬಳಸಿದಾಗ ಕಣ್ಣಿನ ಒತ್ತಡ ಏರಿ ದೃಷ್ಟಿಯೇ ಹೋದವರನ್ನು ನಾನು ನೋಡಿದ್ದೇನೆ.

20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡಿ ಎಂಬ ನಿಯಮವನ್ನು ನೀವು ಕೇಳಿಯೇ ಇರುತ್ತೀರಿ. ಅಮೆರಿಕದ ದೃಷ್ಟಿತಜ್ಞ ಜೆಫ್ರಿ ಆ್ಯನ್‌ಶೆಲ್ ನೆನಪಿಡಲು ಸುಲಭವಾಗಲೆಂದು ಹಾಗೆ ಹೇಳಿದರು. ಆ ಮೂರು ಇಪ್ಪತ್ತುಗಳ ಹಿಂದೆ ಗಟ್ಟಿ ಪುರಾವೆ ಇಲ್ಲ, ಪಾಲಿಸುವುದರಿಂದ ನಷ್ಟವೂ ಇಲ್ಲ. ಗಂಟೆಗೊಮ್ಮೆ ಎದ್ದು ಹಿತ್ತಿಲ ತನಕ ಹೋಗಿ ಬರುವುದು ನನಗೆ ಹೆಚ್ಚು ಇಷ್ಟ.

ಬ್ಲೂ-ಕಟ್ ಕನ್ನಡಕದ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ 17 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿ, ಕಂಪ್ಯೂಟರ್ ಕೆಲಸದಿಂದ ಬರುವ ಕಣ್ಣಿನ ಆಯಾಸವನ್ನು ಈ ಗಾಜುಗಳು ಸಾದಾ ಗಾಜುಗಳಿಗಿಂತ ಹೆಚ್ಚಾಗಿ ಕಡಿಮೆ ಮಾಡುವಂತೆ ಕಾಣುವುದಿಲ್ಲ ಎಂದಿತು. ಪರದೆಯಿಂದ ಬರುವ ನೀಲಿ ಬೆಳಕು ಮಧ್ಯಾಹ್ನದ ಆಕಾಶದಿಂದ ಬರುವುದರ ಎದುರು ತೀರ ಅಲ್ಪ.

ನಿಮಗೆ ಬೇಕಾಗಿರಬಹುದಾದ ಕನ್ನಡಕ ಬೇರೆಯದು, ಅದಕ್ಕೆ ಪರೀಕ್ಷೆ ಆಗಲೇಬೇಕು. ನಲವತ್ತನಾಲ್ಕರ ತನಕ ಕನ್ನಡಕವಿಲ್ಲದೆ ಬಂದವರಲ್ಲಿ ಕೆಲವರಿಗೆ ಚಿಕ್ಕಂದಿನಿಂದಲೂ ಸಣ್ಣ ಪ್ಲಸ್ ನಂಬರ್ ಅಡಗಿರುತ್ತದೆ. ಮಸೂರಕ್ಕೆ ಬಲವಿದ್ದಾಗ ಅದು ತಾನೇ ಸರಿದೂಗಿಸಿಕೊಂಡು ಬಂದಿರುತ್ತದೆ, ಬಲ ತಗ್ಗಿದಾಗ ಸಾಲ ಒಮ್ಮೆಲೇ ಮೇಲೆ ಬೀಳುತ್ತದೆ. +0.75ರ ಅಡಗಿದ ನಂಬರ್ ಇದ್ದರೆ ಮೇಲಿನ 2.7 ಡಯಾಪ್ಟರ್ ನಿಮ್ಮ ಪಾಲಿಗೆ ಸುಮಾರು 3.5 ಆಗಿರುತ್ತದೆ. ಆದ್ದರಿಂದ ಹನಿ ಹಾಕಿ ಮಾಡುವ ಪರೀಕ್ಷೆಗೆ ಸಮಯ ಇಟ್ಟುಕೊಂಡು ಹೋಗಿ, ಅಂದು ಗಾಡಿ ಓಡಿಸಬೇಡಿ. ಹೋಗುವ ಮುನ್ನ ನಿಮ್ಮ ಕಣ್ಣಿನಿಂದ ಪರದೆಯ ತನಕದ ದೂರವನ್ನು ಟೇಪಿನಿಂದ ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಇಲ್ಲವಾದರೆ ಪುಸ್ತಕದ ದೂರಕ್ಕೆ, ಅಂದರೆ 40 ಸೆಂಟಿಮೀಟರಿಗೆ, ಹೊಂದಿಸಿದ ನಂಬರ್ ಕೊಡುತ್ತಾರೆ, ಅದು ಪರದೆಗೆ ಹೆಚ್ಚಾಗುತ್ತದೆ, ನೀವು ಮತ್ತೆ ಮುಂದಕ್ಕೆ ಬಾಗುತ್ತೀರಿ. ಜಾತ್ರೆಯಲ್ಲಿ ಸಿಗುವ ಸಿದ್ಧ ಕನ್ನಡಕದ ತೊಂದರೆಯೂ ಇದೇ. ನಲವತ್ತು ದಾಟಿದ್ದೀರಾದ್ದರಿಂದ ಅದೇ ದಿನ ಕಣ್ಣಿನ ಒತ್ತಡ ಮತ್ತು ಹಿಂಭಾಗದ ನರವನ್ನೂ ನೋಡಿಸಿಕೊಳ್ಳಿ. ಒಂದೇ ವಸ್ತು ಎರಡಾಗಿ ಕಾಣುವುದು, ದೀಪದ ಸುತ್ತ ಬಣ್ಣದ ಬಳೆ ಕಾಣುವುದು, ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳ ಮಳೆ ಬೀಳುವುದು, ಒಂದು ಕಣ್ಣು ಮಾತ್ರ ಕೆಂಪಾಗಿ ನೋಯುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಲ್ಯಾಪ್‌ಟಾಪಿನ ಮಾತು ಬಿಟ್ಟು ಅಂದೇ ವೈದ್ಯರನ್ನು ಕಾಣಿ.

ಬದಲಾವಣೆಗಳನ್ನು ಒಂದೇ ದಿನ ಮಾಡಬೇಡಿ. ಈ ವಾರ ಸ್ಕೇಲಿಂಗ್ ಮಾತ್ರ, ಮುಂದಿನ ವಾರ ಮಿಣುಕು ಮತ್ತು ಕಿಟಕಿ, ಅಷ್ಟರಲ್ಲಿ ಕಣ್ಣಿನ ಪರೀಕ್ಷೆ. ಹಾಗೆ ಮಾಡಿದರೆ ನಿಮಗೆ ತಾಗಿದ್ದು ಯಾವುದೆಂದು ನಿಮಗೇ ತಿಳಿಯುತ್ತದೆ. ಅಕ್ಷರ ದೊಡ್ಡದಾಗಿ, ಸರಿಯಾದ ಕನ್ನಡಕ ಬಂದು, ಬ್ರೈಟ್‌ನೆಸ್ ಮೇಲಿದ್ದೂ ಹಣೆಯ ನೋವು ತಗ್ಗದೆ, ಅದೇ ಕೆಲಸವನ್ನು ಬೇರೆಯವರ ಸಾದಾ ಎಲ್‌ಸಿಡಿ ಪರದೆಯ ಮೇಲೆ ಮೂರು ದಿನ ಮಾಡಿದಾಗ ನೋವು ಇಲ್ಲವಾದರೆ, ಆಗ ನಿಮ್ಮ ಕಣ್ಣಿಗೆ ಒಗ್ಗದಿರುವುದು ಒಎಲ್‌ಇಡಿ. ಮಾರಿ ಇನ್ನೊಂದನ್ನು ಕೊಳ್ಳಬಹುದು; ಕೊಳ್ಳುವಾಗಲೂ 2880×1800ರ ಎಲ್‌ಸಿಡಿ ಸಿಕ್ಕರೆ ಅದನ್ನೇ ಆರಿಸಿ.